ಮನೆಯಲ್ಲಿ ಹಪ್ಪಳ ಮಾಡ್ಲಿಕ್ಕೆ ಲೈಸೆನ್ಸ್ ಸಿಗ್ತದಾ ಇಲ್ವಾ, ಕನ್ನಡದಲ್ಲಿ ಹೇಳಿ

ಸಂಪಾದಕರಿಗೆ ನಮಸ್ಕಾರ,

ನಮ್ಮ ಕಾಸರಗೋಡು ಕಡೆ ಮನೆಯಲ್ಲೇ ಕೂತು ದುಡಿಯೋದು ಹೊಸ ವಿಷಯ ಅಲ್ಲ. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಮನೆಗಳು ಇಲ್ಲಿ ಎಷ್ಟು ಬೇಕಾದ್ರೂ ಉಂಟು. ಈಗ ಬೀಡಿ ಹೋಗಿ ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ, ಹಾಳೆ ತಟ್ಟೆ, ಟೈಲರಿಂಗ್, ಟ್ಯೂಷನ್, ಬ್ಯೂಟಿ ಪಾರ್ಲರ್ ಬಂದಿದೆ ಅಷ್ಟೆ. ಆದ್ರೆ ಇದರಲ್ಲಿ ಯಾವುದಕ್ಕೆ ಲೈಸೆನ್ಸ್ ಬೇಕು, ಮನೆ ನಂಬ್ರದಲ್ಲೇ ಮಾಡ್ಬಹುದಾ ಅಂತ ಕೇಳಿದ್ರೆ ಹತ್ತು ಜನ ಹತ್ತು ರೀತಿ ಹೇಳ್ತಾರೆ.

ನಮ್ಮ ಹತ್ತಿರದ ಒಬ್ಬರು ಅಕ್ಕ ಹಪ್ಪಳ ಮಾಡ್ತಾರೆ. ಹಲಸಿನ ಸೊಳೆ ಬೇಯಿಸಿ, ಗ್ರೈಂಡರ್‌ಗೆ ಹಾಕಿ, ಒತ್ತಿ, ಅಂಗಳದಲ್ಲಿ ಚಾಪೆ ಹಾಸಿ ಒಣಗಿಸೋದು, ಮಳೆ ಶುರುವಾಗುವ ಮೊದಲು ಮುಗಿಸ್ಬೇಕು ಅಂತ ಮನೆಯವರೆಲ್ಲ ಸೇರ್ತಾರೆ. ಪೇಟೆಯ ಅಂಗಡಿಯವರು ಲೇಬಲ್ ಬೇಕು, ಫುಡ್ ಸೇಫ್ಟಿ ನಂಬ್ರ ಬೇಕು ಅಂದ್ರು. ಸಣ್ಣವರಿಗೆ ಆ ರಿಜಿಸ್ಟ್ರೇಶನ್ ವರ್ಷಕ್ಕೆ 100 ರೂಪಾಯಿ ಫೀಸಿನದ್ದು, ಅದು ಕಷ್ಟ ಅಲ್ಲ. ಪಂಚಾಯತು ಲೈಸೆನ್ಸಿಗೆ ಹೋದಾಗ ಮಾತ್ರ "ಇದು ವಾಸದ ಮನೆ, ಮೊದಲು ಕಟ್ಟಡದ ಗ್ರೂಪ್ ಚೇಂಜ್ ಮಾಡಿಸಿ" ಅಂತ ವಾಪಸ್ ಕಳಿಸಿದ್ರು. ಕೇರಳ ಪಂಚಾಯತು ಬಿಲ್ಡಿಂಗ್ ರೂಲ್ಸ್ 2019ರ ಪ್ರಕಾರ ವಾಸದ ಮನೆ ಎ1 ಗ್ರೂಪು, ಅಂಗಡಿ ಎಫ್ ಗ್ರೂಪು. ಹಾಗೆ ಬದಲಾಯಿಸಿದ್ರೆ ಮನೆ ಟ್ಯಾಕ್ಸ್ ಜಾಸ್ತಿ, ಪಾರ್ಕಿಂಗ್ ಜಾಗ ತೋರಿಸ್ಬೇಕು, ಒಂದು ಚಾವಡಿ ಒಂದು ಅಡಿಗೆಕೋಣೆ ಇರುವ ಮನೆಯವರು ಎಲ್ಲಿಂದ ತೋರಿಸೋದು ಮಾರಾಯ್ರೆ. ಅವರು ಸುಮ್ಮನೆ ಮನೆಗೆ ಬಂದು ಮೊದಲಿನ ಹಾಗೆ ಗುರುತಿನವರಿಗೆ ಮಾರ್ತಾ ಇದ್ದಾರೆ. ಲೈಸೆನ್ಸ್ ಇಲ್ಲ ಅಂದ್ರೆ ಬ್ಯಾಂಕಿನವರು ಲೋನಿಗೂ ಮುಖ ಕೊಡುವುದಿಲ್ಲ.

ಬೇಸರ ಆಗೋದು ಎಂತಕ್ಕೆ ಅಂದ್ರೆ, ಸರಕಾರ ಈ ಬಾಗಿಲು ತೆಗೆದಾಗಿದೆ. ಮನೆಗಳಲ್ಲಿ ನಡೆಯುವ ಸಣ್ಣ ಉದ್ಯಮಗಳಿಗೂ ಲೈಸೆನ್ಸ್ ಕೊಡುವ ಹಾಗೆ ನಿಯಮ ಬದಲಿಸ್ತೇವೆ ಅಂತ 2025ರಲ್ಲಿ ಸ್ಥಳೀಯಾಡಳಿತ ಸಚಿವರಾಗಿದ್ದ ಎಂ.ಬಿ. ರಾಜೇಶ್ ಅವರೇ ಹೇಳಿದ್ರು. ಮಾಲಿನ್ಯ ನಿಯಂತ್ರಣ ಮಂಡಳಿಯ ಪಟ್ಟಿಯಲ್ಲಿ ವೈಟ್ ಮತ್ತು ಗ್ರೀನ್ ಅಂತ ಇರುವ, ಹೊಗೆ ಗಲೀಜು ಕಮ್ಮಿ ಇರುವ ಕೆಲಸಗಳಿಗೆ ಇದು. ಅದಕ್ಕೂ ಮೊದಲು 2019ರ ಕಾಯ್ದೆ ಒಂದುಂಟು, ಸಣ್ಣ ಉದ್ಯಮದವರು ಆನ್‌ಲೈನ್ ಅರ್ಜಿ ಹಾಕಿ ಅಕ್ನಾಲೆಜ್‌ಮೆಂಟ್ (ಅರ್ಜಿ ಸಿಕ್ಕಿದ ರಶೀದಿ) ತಕೊಂಡ್ರೆ 3 ವರ್ಷ ಬೇರೆ ಲೈಸೆನ್ಸ್ ಇಲ್ಲದೆ ನಡೆಸ್ಬಹುದು, ಅದು ಮುಗಿದ ಮೇಲೆ 6 ತಿಂಗಳ ಒಳಗೆ ಎಲ್ಲ ಲೈಸೆನ್ಸ್ ಮಾಡಿಸ್ಬೇಕು, ಮಾಲಿನ್ಯ ಜಾಸ್ತಿ ಇರುವ ರೆಡ್ ಪಟ್ಟಿಯವರಿಗೆ ಇದು ಇಲ್ಲ. ಇಷ್ಟು ದೊಡ್ಡ ಉಪಕಾರದ ವಿಷಯ ಆ ಅಕ್ಕನಿಗೆ ಕೌಂಟರಿನಲ್ಲಿ ಒಬ್ಬರೂ ಹೇಳ್ಲಿಲ್ಲ, ಕೈಗೆ ಕೊಟ್ಟ ಕಾಗದ ಪೂರ್ತಿ ಮಲಯಾಳದಲ್ಲಿ, ಅವರು ಓದಿದ್ದು ಕನ್ನಡ ಶಾಲೆಯಲ್ಲಿ.

ಕರೆಂಟಿನ ವಿಷಯ ಇನ್ನೂ ಮುಖ್ಯ, ಇದರಲ್ಲಿ ಜನ ಸಿಕ್ಕಿಬೀಳ್ತಾರೆ. ಮನೆಯ ಮೀಟರ್ ಎಲ್‌ಟಿ 1ಎ ಅನ್ನುವ ಟಾರಿಫಿನದ್ದು, ಅಂದ್ರೆ ಮನೆ ಬಳಕೆಯ ರೇಟು. ಅದರಲ್ಲೇ ಮಿತಿಗಿಂತ ಜಾಸ್ತಿ ಲೋಡಿನ ವ್ಯಾಪಾರದ ಮೆಶಿನ್ ಓಡಿಸುವಾಗ ಚೆಕ್ಕಿಂಗಿನವರು ಬಂದ್ರೆ 2003ರ ಎಲೆಕ್ಟ್ರಿಸಿಟಿ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಎರಡು ಪಟ್ಟು ರೇಟ್ ಹಾಕ್ತಾರೆ, ಯಾವಾಗಿಂದ ಅಂತ ಗೊತ್ತಾಗದಿದ್ರೆ ಹಿಂದಿನ 12 ತಿಂಗಳಿಗೆ ಲೆಕ್ಕ. ವಸ್ತು ತಯಾರು ಮಾಡುವವರಿಗೆ 4ಎ, ಅಂಗಡಿಗೆ ಸಾಮಾನ್ಯವಾಗಿ 7ಎ ಅಂತ ಬೇರೆ ಬೇರೆ ಉಂಟು, 7ಎ ದುಬಾರಿ. ಹಪ್ಪಳ ತಯಾರಿಸುವವರು ಅರ್ಜಿಯಲ್ಲಿ ತಪ್ಪಿ ಅಂಗಡಿ ಅಂತ ಬರೆದ್ರೆ ಪ್ರತಿ ಬಿಲ್ಲಿಗೂ ನಷ್ಟ. ಇದನ್ನು ಮೊದಲೇ ಹೇಳಿಕೊಡುವವರು ಬೇಕು.

ಹಾಗಂತ ಮನೆ ಅಂದ್ರೆ ಎಂತ ಬೇಕಾದ್ರೂ ಮಾಡ್ಬಹುದು ಅಂತ ನಾನು ಹೇಳುವುದಿಲ್ಲ. ವೆಲ್ಡಿಂಗ್, ಗಾಡಿಗೆ ಸ್ಪ್ರೇ ಪೈಂಟಿಂಗ್, ಕೋಳಿ ಕಟ್ಟಿಂಗ್ ಇದೆಲ್ಲ ಮನೆಗಳ ನಡುವೆ ಬೇಡವೇ ಬೇಡ. ಅದರಲ್ಲೂ ನಮ್ಮಲ್ಲಿ ಬಾವಿ ನೀರೇ ಗತಿ, ಪಕ್ಕದವರ ಬಾವಿಗೆ ಗಲೀಜು ಇಳಿದ್ರೆ ಯಾವ ಲೈಸೆನ್ಸ್ ಇದ್ದು ಎಂತ ಪ್ರಯೋಜನ. ನೆರೆಕರೆಯವರ ದೂರಿಗೆ ಬೆಲೆ ಇರ್ಲಿ, ಆದ್ರೆ ಜಾಗದ ಜಗಳಕ್ಕೆ ಟೈಲರಿಂಗ್ ಮೇಲೆ ದೂರು ಕೊಡೋದನ್ನೂ ನೋಡಿದ್ದೇವೆ, ಅಧಿಕಾರಿಗಳು ಬಂದು ಕಣ್ಣಲ್ಲಿ ನೋಡಿಯೇ ತೀರ್ಮಾನ ಮಾಡ್ಲಿ.

ನಾವು ಕೇಳೋದು ಹೊಸ ಕಾನೂನು ಅಲ್ಲ. ಮಂಜೇಶ್ವರ, ಕಾಸರಗೋಡು ತಾಲೂಕಿನ ಪ್ರತಿ ಪಂಚಾಯತು ಆಫೀಸಿನ ಎದುರು ಕನ್ನಡದಲ್ಲಿ ಒಂದು ಬೋರ್ಡ್ ಹಾಕ್ಲಿ: ಮನೆಯಲ್ಲಿ ಯಾವ ಕೆಲಸ ಮಾಡ್ಬಹುದು, ಯಾವುದಕ್ಕೆ ರಿಜಿಸ್ಟ್ರೇಶನ್ ಸಾಕು, ಯಾವುದಕ್ಕೆ ಲೈಸೆನ್ಸ್, ಫೀಸ್ ಎಷ್ಟು, ಕರೆಂಟ್ ಆಫೀಸಲ್ಲಿ ಯಾವ ಟಾರಿಫ್ ಕೇಳ್ಬೇಕು. 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇಲ್ಲಿನ ಕನ್ನಡಿಗರು ಕನ್ನಡದಲ್ಲಿ ಬರೆದ್ರೆ ಕನ್ನಡದಲ್ಲೇ ಉತ್ತರ ಕೊಡ್ಬೇಕು ಅಂತ ಉಂಟು. ಹಾಗಾಗಿ ಲೈಸೆನ್ಸ್ ಕೊಡ್ಲಿಕ್ಕೆ ಆಗುವುದಿಲ್ಲ ಅಂತಾದ್ರೆ ಯಾವ ರೂಲ್ ಪ್ರಕಾರ ಆಗುವುದಿಲ್ಲ ಅಂತ ಕನ್ನಡದಲ್ಲಿ ಬರೆದು, ಸೀಲ್ ಹಾಕಿ ಕೊಡ್ಲಿ. ಬಾಯಿಮಾತಲ್ಲಿ ವಾಪಸ್ ಕಳಿಸಿದವರು ಅಪೀಲ್ ಹಾಕೋದಾದ್ರೂ ಹೇಗೆ?

ಇತಿ,
ಓದುಗರೊಬ್ಬರು, ಕಾಸರಗೋಡು