ಜಿಡಿಪಿ ಲೆಕ್ಕ ಸರಿ, ಸೀಮೆಸುಣ್ಣದ ಲೆಕ್ಕ?

ಮಾನ್ಯರೇ,

ಶಿಕ್ಷಣದ ಬಜೆಟ್ ಮಾತು ಬಂದಾಗಲೆಲ್ಲ ಒಂದು ವಾದ ಕಿವಿಗೆ ಬೀಳುತ್ತದೆ. ‘ವಿಯೆಟ್ನಾಂ ಕೂಡ ಜಿಡಿಪಿಯ ಶೇ 4ರ ಆಸುಪಾಸೇ ಖರ್ಚು ಮಾಡುತ್ತೆ, ನಾವೂ ಅಷ್ಟೇ. ಅಲ್ಲಿನ ಮಕ್ಕಳು ಲೆಕ್ಕದಲ್ಲಿ ಮುಂದಿದ್ದಾರೆ. ದುಡ್ಡಿನ ಕೊರತೆ ಅಲ್ಲ, ನಮ್ಮ ಮೇಷ್ಟ್ರುಗಳು ಪಾಠ ಮಾಡಲ್ಲ’ ಅಂತ. ಪಾಠ ಮಾಡದ ಮೇಷ್ಟ್ರು ಇಲ್ಲವೇ ಇಲ್ಲ ಎನ್ನುವುದಿಲ್ಲ. ಆದರೆ ದುಡ್ಡಿನ ಮಾತನ್ನು ಅಷ್ಟು ಸುಲಭವಾಗಿ ಬಿಡಲಾಗದು.

ವಿಯೆಟ್ನಾಂನ ತಲಾ ಆದಾಯ ಈಗ ನಮ್ಮದರ ಒಂದೂವರೆ ಪಟ್ಟಿಗೂ ಜಾಸ್ತಿ. (1990ರ ಸುಮಾರಿಗೆ ಅವರು ನಮಗಿಂತ ಬಡವರಾಗಿದ್ದರು, ಅದು ಬೇರೆ ಕಥೆ.) ಎರಡು ಮನೆಯವರೂ ಸಂಪಾದನೆಯಲ್ಲಿ ಹತ್ತರಲ್ಲೊಂದು ಪಾಲು ಹಾಲಿಗೆ ಹಾಕಿದರೆ ಇಬ್ಬರ ಮಕ್ಕಳಿಗೂ ಒಂದೇ ಅಳತೆಯ ಲೋಟ ಸಿಗುತ್ತದೆಯೇ?

ಇನ್ನೊಂದು ವಿಷಯ. ಸರ್ಕಾರದ ಬಜೆಟ್‌ನಲ್ಲಿ ಕನಿಷ್ಠ ಶೇ 20 ಶಿಕ್ಷಣಕ್ಕೆ ಎಂದು ವಿಯೆಟ್ನಾಂ ತನ್ನ ಕಾಯ್ದೆಯಲ್ಲೇ ಬರೆದುಕೊಂಡಿದೆ. ಪ್ರತಿ ವರ್ಷ ಅಷ್ಟನ್ನು ಮುಟ್ಟಿಲ್ಲ, ನಿಜ. ಮುಟ್ಟದಿದ್ದಾಗ ಎತ್ತಿ ತೋರಿಸಲು ಒಂದು ಕಾಯ್ದೆಯಾದರೂ ಇದೆ. ನಮ್ಮಲ್ಲಿ 1966ರಲ್ಲಿ ಶಿಕ್ಷಣ ಕುರಿತ ಕೊಠಾರಿ ಆಯೋಗ ರಾಷ್ಟ್ರೀಯ ಆದಾಯದ ಶೇ 6 ಶಿಕ್ಷಣಕ್ಕೆ ಎಂದಿತು. 1968ರ ಶಿಕ್ಷಣ ನೀತಿ ಅದನ್ನೇ ಹೇಳಿತು, 1986ರದ್ದೂ ಹೇಳಿತು, 2020ರದ್ದೂ ಹೇಳಿತು. ಎಲ್ಲವೂ ನೀತಿ, ಯಾವುದೂ ಕಾಯ್ದೆಯಲ್ಲ. 2020ರ ನೀತಿಯಲ್ಲೇ ಇರುವ ಲೆಕ್ಕ ನೋಡಿ: ಕೇಂದ್ರ, ರಾಜ್ಯ ಎರಡೂ ಸೇರಿ ಜಿಡಿಪಿಯ ಶೇ 4.43, ಸರ್ಕಾರದ ಒಟ್ಟು ಖರ್ಚಿನಲ್ಲಿ ಸುಮಾರು ಶೇ 10. ಐಐಟಿ, ವಿಶ್ವವಿದ್ಯಾಲಯ, ಒಂದನೇ ಕ್ಲಾಸು, ಎಲ್ಲವೂ ಅದರಲ್ಲೇ.

ಒಂದನೇ ಕ್ಲಾಸಿಗೆ ಬಂದು ಮುಟ್ಟುವುದೆಷ್ಟು? ಸಮಗ್ರ ಶಿಕ್ಷಣ ಯೋಜನೆಯಲ್ಲಿ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10 ಸಾವಿರ ರೂಪಾಯಿ ಶಾಲಾ ಅನುದಾನ. ಸಂಬಳ, ಬಿಸಿಯೂಟ, ಪಠ್ಯಪುಸ್ತಕ ಬೇರೆ. ಉಳಿದ ಸಣ್ಣಪುಟ್ಟ ಖರ್ಚಿಗೆಲ್ಲ ಇದೇ. ಅದರಲ್ಲೂ ಹತ್ತನೇ ಒಂದು ಪಾಲು ಸ್ವಚ್ಛತೆಗೆ ಮೀಸಲು. ನಾನು ಮುಖ್ಯ ಶಿಕ್ಷಕನಾಗಿದ್ದ ಶಾಲೆಯಲ್ಲಿ 26 ಮಕ್ಕಳು. ತಲೆಗೆ ತಿಂಗಳಿಗೆ 32 ರೂಪಾಯಿ ಬಿತ್ತು. ಒಂದು ವರ್ಷ ಅದೂ ಫೆಬ್ರುವರಿ ಕೊನೆಗೆ ಬಂತು. ಜೂನ್‌ನಿಂದ ಅಲ್ಲಿಯವರೆಗೆ ಸೀಮೆಸುಣ್ಣ, ಪೊರಕೆ, ಫಿನಾಯಿಲ್, ಹಾಜರಿ ಪುಸ್ತಕ ಎಲ್ಲ ಊರ ಅಂಗಡಿಯಲ್ಲಿ ಉದ್ರಿ. ಅಡುಗೆ ಕೋಣೆಯ ಬೀಗ ಮುರಿದಾಗ ಹೊಸದಕ್ಕೆ ಕೈಯಿಂದ ಹಾಕಿದೆ. ದುಡ್ಡು ಬಂದ ಮೇಲೆ ಮಾರ್ಚ್ 31ರೊಳಗೆ ಖರ್ಚು ತೋರಿಸಿ ಯು.ಸಿ. (ಹಣ ಬಳಸಿದ್ದಕ್ಕೆ ಪ್ರಮಾಣಪತ್ರ) ಕೊಡಿ ಎಂದು ದಿನಾ ಫೋನು. ಒಂದರಿಂದ ಐದನೇ ಕ್ಲಾಸಿಗೆ ನಾವಿದ್ದದ್ದು ಇಬ್ಬರು. ಒಬ್ಬರು ಬಿಲ್ಲು ಹೊಂದಿಸಿಕೊಂಡು ಕಚೇರಿಗೆ ಹೋದರೆ ಉಳಿದವರು ಐದೂ ಕ್ಲಾಸನ್ನು ಒಂದೇ ಕೋಣೆಯಲ್ಲಿ ಕೂರಿಸಬೇಕಿತ್ತು. ‘ಪಾಠ ಮಾಡಲ್ಲ’ ಅಂದರಲ್ಲ, ಆ ದಿನ ನಿಜಕ್ಕೂ ಆಗುತ್ತಿರಲಿಲ್ಲ.

ವಿಯೆಟ್ನಾಂ ಸ್ವರ್ಗವೇನಲ್ಲ. ಪೇಟೆಯ ಶಾಲೆಗಳಲ್ಲಿ ಕ್ಲಾಸಿಗೆ 35 ಮಕ್ಕಳ ಮಿತಿ ದಾಟುತ್ತದೆ. ಟ್ಯೂಷನ್ ಹಾವಳಿ ಎಷ್ಟಿತ್ತೆಂದರೆ 2025ರ ಫೆಬ್ರುವರಿಯಲ್ಲಿ ಪ್ರಾಥಮಿಕ ಮಕ್ಕಳಿಗೆ ದುಡ್ಡು ಪಡೆದು ಪಾಠ ಹೇಳುವುದನ್ನೇ ನಿಲ್ಲಿಸಬೇಕಾಯಿತು. ಕಲೆ, ಆಟದಂಥವಕ್ಕೆ ಮಾತ್ರ ವಿನಾಯಿತಿ. ಅಂದರೆ ಅಲ್ಲಿನ ಫಲಿತಾಂಶದ ಹಿಂದೆ ಅಪ್ಪ-ಅಮ್ಮಂದಿರ ಜೇಬೂ ಇದೆ. ಆ ಖರ್ಚು ಸರ್ಕಾರದ ಶೇ 4ರಲ್ಲಿ ಕಾಣುವುದಿಲ್ಲ.

ಮುಂದಿನ ಬಜೆಟ್‌ನಲ್ಲಿ ಶೇಕಡಾ ಲೆಕ್ಕದ ಪಕ್ಕ ಪ್ರಾಥಮಿಕ ಶಾಲೆಯ ಒಂದು ಮಗುವಿಗೆ ಎಷ್ಟು ರೂಪಾಯಿ ಎಂದೂ ಅಚ್ಚು ಹಾಕಲಿ. ಶಾಲಾ ಅನುದಾನ ಜೂನ್ ತಿಂಗಳಲ್ಲೇ ಖಾತೆಗೆ ಬೀಳಲಿ.

– ನಿವೃತ್ತ ಮುಖ್ಯ ಶಿಕ್ಷಕ, ಹೊಸದುರ್ಗ