ಪದವಿಯ ಹಿಂದಿನ ಋಣಗಳು

ಗೊನೋರಿಯಾ ಬ್ಯಾಕ್ಟೀರಿಯಾದ ತಳಿಗಳನ್ನು ಕುರಿತ ನನ್ನ ಮಹಾಪ್ರಬಂಧಕ್ಕೆ ಕಳೆದ ವಾರ ಡಾಕ್ಟರೇಟ್ ದೊರೆಯಿತು. ಬದಿಯಡ್ಕದ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸಿದ ಮಾಸ್ಟ್ರಿಗೂ, ತಿದ್ದುವುದರಲ್ಲಿ ಎಂದೂ ದಣಿಯದ ಮಾರ್ಗದರ್ಶಕರಿಗೂ, ಜೀನೋಮ್ ವಿಶ್ಲೇಷಣೆಗೆ ಜೊತೆ ಕುಳಿತ ಗೆಳೆಯರಿಗೂ, ಮಗಳು ಏನು ಓದುತ್ತಿದ್ದಾಳೆಂದು ನೆಂಟರು ಕೇಳಿದಾಗ ಲೈಂಗಿಕ ಸೋಂಕುಗಳ ಬಗ್ಗೆ ಎಂದು ದನಿ ತಗ್ಗಿಸದೆ ಹೇಳುತ್ತ ಬಂದ ಅಪ್ಪ ಅಮ್ಮನಿಗೂ ನಾನು ಋಣಿ. ಈ ಬರಹದ ಉಳಿದ ಭಾಗ ಚೇಚಿಗೆ ಸಲ್ಲಬೇಕು.

ಚೇಚಿ (ಮಲಯಾಳದಲ್ಲಿ ಅಕ್ಕ) ನಮ್ಮ ಪ್ರಯೋಗಾಲಯದ ಹಿರಿಯ ತಂತ್ರಜ್ಞೆ. ಆಟಿಯ ಮಳೆಯ ಒಂದು ರಾತ್ರಿ ಕರೆಂಟು ಹೋಗಿ, ಜನರೇಟರ್ ಕೂಡ ಕೈಕೊಟ್ಟು, ಮೈನಸ್ 80 ಡಿಗ್ರಿಯ ಫ್ರೀಜರ್ ತಂಪು ಕಳೆದುಕೊಳ್ಳತೊಡಗಿದ್ದು ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಆದರೆ ಅದರೊಳಗಿದ್ದ ಸಣ್ಣ ಸಣ್ಣ ಕೊಳವೆಗಳು ಏಕೆ ಅಷ್ಟು ಮುಖ್ಯವಾಗಿದ್ದವು ಎಂಬುದನ್ನು ನಾನು ಸರಿಯಾಗಿ ಯಾರಿಗೂ ಹೇಳಿರಲಿಲ್ಲ. ಲೈಂಗಿಕ ಸೋಂಕುಗಳಿಗೆ ಚಿಕಿತ್ಸೆ ಕೊಡುವ ನಮ್ಮ ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗಳಲ್ಲಿ ರೋಗಲಕ್ಷಣ ನೋಡಿ ಬಣ್ಣದ ಗುರುತಿನ ಔಷಧಿ ಕಿಟ್ ಕೊಡುತ್ತಾರೆ. ದೊಡ್ಡ ಆಸ್ಪತ್ರೆಗಳಲ್ಲಿ ಡಿಎನ್‌ಎ ಪತ್ತೆಹಚ್ಚುವ ಪರೀಕ್ಷೆ ಮಾಡುತ್ತಾರೆ. ಎರಡೂ ರೋಗಿಗೆ ಒಳ್ಳೆಯದೇ, ಆದರೆ ಎರಡರಿಂದಲೂ ಜೀವಂತ ಬ್ಯಾಕ್ಟೀರಿಯಾ ನಮ್ಮ ಕೈಗೆ ಬರುವುದಿಲ್ಲ. ಯಾವ ಔಷಧಿ ಎಷ್ಟು ಪ್ರಮಾಣದಲ್ಲಿ ಅದನ್ನು ತಡೆಯುತ್ತದೆಂದು ಅಳೆಯಲು ಜೀವಂತ ತಳಿಯೇ ಬೇಕು. ಆ ಕೊಳವೆಗಳಲ್ಲಿದ್ದದ್ದು ಅಂಥ ತಳಿಗಳೇ. ಗಂಟಲಿನಲ್ಲಿ ನಿರಪಾಯವಾಗಿ ವಾಸಿಸುವ ತನ್ನ ಬಂಧುಗಳಿಂದಲೂ ಜೀನಿನ ತುಣುಕುಗಳನ್ನು ಎತ್ತಿಕೊಳ್ಳುವ ಈ ಜೀವಿಯ ವಂಶಾವಳಿಯನ್ನು ಏಳು ಜೀನುಗಳ ಹೋಲಿಕೆಯಿಂದಷ್ಟೇ ಬಿಡಿಸಲಾಗದು; ಸುಮಾರು 22 ಲಕ್ಷ ಡಿಎನ್‌ಎ ಅಕ್ಷರಗಳ ಇಡೀ ಜೀನೋಮನ್ನು ಓದಬೇಕು. 2009ರಲ್ಲಿ ಜಪಾನಿನ ಕ್ಯೋಟೋದಲ್ಲಿ ಒಬ್ಬ ಮಹಿಳೆಯ ಗಂಟಲಿನಿಂದ ದೊರೆತ ತಳಿಯು ಗೊನೋರಿಯಾಕ್ಕೆ ಕೊಡುವ ಮುಖ್ಯ ಔಷಧಿಯಾದ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದೆ ಹೋದಾಗ, ಆ ಔಷಧಿ ಗುರಿಯಿಡುವ ಪ್ರೋಟೀನನ್ನು ರೂಪಿಸುವ ಅದರ ಪೆನ್‌ಎ ಜೀನಿನಲ್ಲಿ ಅಂಥದೇ ಎರವಲು ತುಣುಕುಗಳಿರುವುದು ತಿಳಿದದ್ದು ಆ ತಳಿಯನ್ನು ಬೆಳೆಸಿ ಉಳಿಸಿಕೊಂಡವರಿದ್ದುದರಿಂದ.

ಆ ರಾತ್ರಿ ನಾನು ಫೋನ್ ಮಾಡಿದಾಗ ಚೇಚಿ ಕಾರಣ ಕೇಳಲಿಲ್ಲ, ನೆರೆ ನೀರು ನಿಂತ ರಸ್ತೆಯಲ್ಲಿ ಮಗನ ಬೈಕಿನಲ್ಲಿ ಬಂದರು. ಫ್ರೀಜರ್ ಬಾಗಿಲು ತೆರೆಯಬಾರದೆಂದು ನನ್ನನ್ನು ತಡೆದು, ಮೊದಲು ಚಾಕೊಲೇಟ್ ಅಗರ್ (ಬಿಸಿ ಮಾಡಿದ ರಕ್ತ ಬೆರೆತ, ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ಪದಾರ್ಥ) ತಟ್ಟೆಗಳನ್ನೆಲ್ಲ ಬೆಚ್ಚಗೆ ಮಾಡಿ ಸಾಲಾಗಿ ಜೋಡಿಸಿಕೊಂಡರು. ಈ ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ಇಂಗಾಲದ ಡೈಆಕ್ಸೈಡ್ ಕೊಡುವ ದೊಡ್ಡ ಇನ್ಕ್ಯುಬೇಟರನ್ನು ನಮ್ಮ ಇನ್ವರ್ಟರ್ ತಾಳುತ್ತಿರಲಿಲ್ಲ. ಆದ್ದರಿಂದ ಅವರು ಹಳೆಯ ಕ್ರಮದಂತೆ ಗಾಜಿನ ಜಾಡಿಗಳಲ್ಲಿ ತಟ್ಟೆಗಳನ್ನಿಟ್ಟು, ಬಣ್ಣವೂ ಸುವಾಸನೆಯೂ ಇಲ್ಲದ ಬಿಳಿ ಮೇಣದ ಬತ್ತಿ ಹಚ್ಚಿ, ಮುಚ್ಚಳ ಬಿಗಿದು, ಬತ್ತಿ ಉರಿದು ಆ ಅನಿಲವನ್ನು ಕೊಟ್ಟು ತಾನಾಗಿ ನಂದಿದ ಮೇಲೆ ಅವನ್ನು ಸಣ್ಣ ಇನ್ಕ್ಯುಬೇಟರಿನಲ್ಲಿ ಇರಿಸಿದರು. ಬೆಳಗಿನವರೆಗೂ ಒಂದೊಂದೇ ಕೊಳವೆ ತೆಗೆದು ಅದರಲ್ಲಿದ್ದುದನ್ನು ತಟ್ಟೆಯ ಮೇಲೆ ಗೆರೆ ಎಳೆದು ಹಚ್ಚುತ್ತಿದ್ದ ಅವರ ಕೈ ಒಮ್ಮೆಯೂ ಅವಸರ ಮಾಡಲಿಲ್ಲ.

ಎರಡು ದಿನಗಳಲ್ಲಿ ಹೆಚ್ಚಿನ ತಟ್ಟೆಗಳಲ್ಲಿ ಬೂದುಬಣ್ಣದ ಹೊಳೆಯುವ ಚುಕ್ಕೆಗಳು ಮೂಡಿದವು. ಕೆಲವು ಖಾಲಿಯಾಗಿಯೇ ಉಳಿದವು, ಮತ್ತು ಆ ಖಾಲಿ ತಟ್ಟೆಗಳ ಮುಂದೆ ನಾನು ತಡೆಯಲಾರದೆ ಅತ್ತೆ. ಮನೆಯವರಿಗೆ ಹೇಳದೆ, ಊರಿನ ಕಣ್ಣು ತಪ್ಪಿಸಿ ಕ್ಲಿನಿಕ್ಕಿಗೆ ಬಂದವರು, ತಮಗೆ ಏನೂ ಸಿಗದೆಂದು ತಿಳಿದೂ ಸಹಿ ಮಾಡಿ ಕೊಟ್ಟ ಮಾದರಿಗಳವು. ಚೇಚಿ ನನಗೆ ಸಮಾಧಾನದ ಮಾತು ಹೇಳಲಿಲ್ಲ. ಪಕ್ಕದಲ್ಲಿ ಕುಳಿತು, ಉಳಿದವುಗಳ ಸಂಖ್ಯೆಗಳನ್ನು ಗಟ್ಟಿಯಾಗಿ ಓದುತ್ತ ಹೋದರು. ನಾನು ಬರೆದುಕೊಳ್ಳುತ್ತ ಹೋದೆ. ಮಹಾಪ್ರಬಂಧದ ನಾಲ್ಕನೆಯ ಅಧ್ಯಾಯದ ಪಟ್ಟಿ ಅದೇ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನ ವಯಸ್ಕರಲ್ಲಿ ಗೊನೋರಿಯಾದ 8.2 ಕೋಟಿ ಹೊಸ ಸೋಂಕುಗಳಾದವು. ಅಷ್ಟು ದೊಡ್ಡ ಸಂಖ್ಯೆಯ ಎದುರು ನಮ್ಮ ಸಂಗ್ರಹ ಬಹಳ ಚಿಕ್ಕದು, ಆದರೂ ಗಡಿನಾಡಿನ ಈ ತಳಿಗಳನ್ನು ಇನ್ನು ಬೇರೆ ಊರುಗಳ ತಳಿಗಳೊಡನೆ ಹೋಲಿಸಲು ಸಾಧ್ಯವಿದೆ. ಮಾದರಿ ಕೊಟ್ಟವರ ಹೆಸರು ನನಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ಅವರಲ್ಲಿ ಯಾರಾದರೂ ಇದನ್ನು ಓದಿದರೆ ನನ್ನ ನಮಸ್ಕಾರವನ್ನು ಸ್ವೀಕರಿಸಬೇಕು. ಚೇಚಿಯ ಹೆಸರು ಮಾತ್ರ ಕೃತಜ್ಞತೆಯ ಪುಟದಲ್ಲೇ ನಿಲ್ಲುವುದಿಲ್ಲ. ನಾವು ಕಳುಹಿಸಲಿರುವ ಸಂಶೋಧನಾ ಲೇಖನದಲ್ಲಿ ಅವರು ಲೇಖಕರಲ್ಲಿ ಒಬ್ಬರು.