ಹಳದಿ ಚಿಟ್ಟೆಯ ರೆಕ್ಕೆ ನಕ್ಷೆ: ಕೈಜೋಡಿಸಿದ ಎಲ್ಲರಿಗೂ ವಂದನೆ

ಕಾಮನ್ ಗ್ರಾಸ್ ಯೆಲ್ಲೋ ಚಿಟ್ಟೆಯ ರೆಕ್ಕೆಯಲ್ಲಿ ಯಾವ ಬಣ್ಣದ ಅಣು ಎಲ್ಲಿ ಕೂತಿದೆ ಎಂದು ತೋರಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿ (ಇಲ್ಲಿ, ಲೇಸರ್ ಬಿಟ್ಟು ಅಣುಗಳನ್ನು ವಿದ್ಯುದಾವೇಶವಿರುವ ಅಯಾನುಗಳಾಗಿಸಿ ಅವುಗಳ ತೂಕ ನೋಡುವ ವಿಧಾನ) ನಕ್ಷೆಗಳ ಮೊದಲ ಕಂತು ಮುಗಿದಿದೆ. ಯಂತ್ರದ ಹೆಸರು ಎಲ್ಲರೂ ಹೇಳುತ್ತಾರೆ. ಆದರೆ ಲೇಸರ್ ಬೀಳುವುದಕ್ಕೆ ಮುಂಚೆ ರೆಕ್ಕೆ ಒಣಗಿ, ಚಪ್ಪಟೆಯಾಗಿ, ಯಾರ ಬೆರಳೂ ಸೋಕದೆ ಉಳಿದಿದ್ದರೆ ಮಾತ್ರ ನಕ್ಷೆಗೆ ಬೆಲೆ. ಅದನ್ನು ಹಾಗೆ ಉಳಿಸಿದವರಿಗೆ ಈ ಬರಹ.

ಮೊದಲ ನಮಸ್ಕಾರ ಹುಳು ಸಾಕಿದ ತೋಟದ ಅಕ್ಕಂದಿರಿಗೆ. ಬಯಲಲ್ಲಿ ಹಿಡಿದ ಚಿಟ್ಟೆಯ ರೆಕ್ಕೆ ಸವೆದಿರುತ್ತದೆ, ಅದರ ಮೇಲಿನ ಪುಡಿಯಂಥ ಹುರುಪೆ ಉದುರಿರುತ್ತದೆ, ವಯಸ್ಸೂ ತಿಳಿಯದು. ನೀವು ಎಳೆಯ ತಗಚೆ ಸೊಪ್ಪು ಹಾಕಿ ಬೆಳೆಸಿ, ಕೋಶದಿಂದ ಹೊರಬಂದ ಚಿಟ್ಟೆಯ ರೆಕ್ಕೆ ಪೂರ್ತಿ ಬಿರುಸಾಗುವ ತನಕ ಕಾದು, ಆಮೇಲೆಯೇ ಮೈನಸ್ 20 ಡಿಗ್ರಿಗೆ ಇಟ್ಟಿರಿ. ಹೊರತೆಗೆಯುವಾಗ ಸಿಲಿಕಾ ಜೆಲ್ ಹಾಕಿದ ಡಬ್ಬಿಯ ಮುಚ್ಚಳ ತೆರೆಯದೆ, ಅದು ಕೋಣೆಯ ಬಿಸಿಗೆ ಬರುವ ತನಕ ತಾಳಿದಿರಿ. ಆತುರಪಟ್ಟು ತೆರೆದರೆ ರೆಕ್ಕೆಯ ಮೇಲೆ ತೇವ ಕಟ್ಟುತ್ತದೆ, ನೀರಿನಲ್ಲಿ ಕರಗುವ ಸಣ್ಣ ಅಣುಗಳು ಇದ್ದ ಜಾಗ ಬಿಟ್ಟು ಹರಡುತ್ತವೆ. ಆಮೇಲೆ ಎಂಥ ಯಂತ್ರವೂ ಅದನ್ನು ಸರಿಮಾಡಲಾರದು.

ಮಾದರಿ ಸಿದ್ಧಪಡಿಸಿದ ತಂಡಕ್ಕೆ ಎಷ್ಟು ಹೇಳಿದರೂ ಕಡಿಮೆ. ರೆಕ್ಕೆಯನ್ನು ಬುಡದಲ್ಲಿ ಕತ್ತರಿಸುವಾಗ ದಪ್ಪ ನರಗಳಿರುವ ಭಾಗವನ್ನು ಬಿಟ್ಟುಬಿಟ್ಟಿರಿ. ನರಗಳು ರೆಕ್ಕೆಯ ತೆಳು ಪೊರೆಗಿಂತ ಎತ್ತರ. ಅಯಾನು ಹಾರಿ ತಲುಪುವ ಸಮಯದಿಂದ ತೂಕ ತಿಳಿಯುವ, ನೇರ ಹಾರಾಟದ ಟಾಫ್ ಯಂತ್ರದಲ್ಲಿ ಆ ಎತ್ತರದ ವ್ಯತ್ಯಾಸವೇ ಅಯಾನುಗಳ ಹಾರಾಟದ ಸಮಯ ಬದಲಿಸಿ, ಒಂದೇ ಅಣುವಿನ ಶಿಖರವನ್ನು (ಯಾವ ತೂಕದಲ್ಲಿ ಸಂಕೇತ ಬಂತು ಎಂದು ತೋರಿಸುವ ಏರನ್ನು) ಅತ್ತಿತ್ತ ಸರಿಸುತ್ತದೆ. ವಿದ್ಯುತ್ ಹರಿಯುವ ಲೇಪವಿರುವ ಐಟಿಒ ಗಾಜಿನ ಯಾವ ಮುಖದಲ್ಲಿ ವಿದ್ಯುತ್ ಹರಿಯುತ್ತದೆ ಎಂದು ಪ್ರತಿ ಸಲವೂ ಮಲ್ಟಿಮೀಟರ್ ಇಟ್ಟು ನೋಡಿದ್ದೂ ನೀವೇ. ತಲೆಕೆಳಗಾಗಿ ಅಂಟಿಸಿದರೆ ರೆಕ್ಕೆಯಲ್ಲಿ ವಿದ್ಯುದಾವೇಶ ಸೇರಿಕೊಂಡು ಶಿಖರಗಳು ಅಗಲವಾಗುತ್ತವೆ.

ಎರಡೂ ಬದಿ ಅಂಟಿರುವ ಕಾರ್ಬನ್ ಟೇಪಿನ ಮೇಲೆ ರೆಕ್ಕೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಹಪ್ಪಳ ಲಟ್ಟಿಸುವಷ್ಟು ಹಗುರವಾಗಿ ಕೂರಿಸಬೇಕು. ಅಡಿಯಲ್ಲಿ ಗಾಳಿಗುಳ್ಳೆ ಉಳಿದರೆ ನಿರ್ವಾತದಲ್ಲಿ ಅದು ಉಬ್ಬಿ ರೆಕ್ಕೆಯನ್ನೇ ಎಬ್ಬಿಸುತ್ತದೆ. ಸಡಿಲವಾದ ಹುರುಪೆಗಳನ್ನು ಒಣ ನೈಟ್ರೋಜನ್ ಹಗುರವಾಗಿ ಊದಿ ಮೊದಲೇ ತೆಗೆದಿರಿ, ಇಲ್ಲವಾದರೆ ಅವು ಹಾರಿ ಯಂತ್ರದಲ್ಲಿ ಅಯಾನುಗಳು ಹುಟ್ಟುವ ಜಾಗವಾದ ಅಯಾನು ಮೂಲದೊಳಗೆ ಸೇರುತ್ತವೆ. ಪಕ್ಕದಲ್ಲಿ ಬರೀ ಟೇಪಿನ ಒಂದು ಚೌಕ ಬಿಟ್ಟು ಅದನ್ನೂ ಸ್ಕ್ಯಾನ್ ಮಾಡಿಸಿದ್ದು ನಿಮ್ಮದೇ ಒತ್ತಾಯ. ಶಿಖರಗಳು ತೂಕದಲ್ಲಿ 44ರ ಅಂತರದಲ್ಲಿ ಸಾಲಾಗಿ ನಿಂತರೆ ಅದು ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಕೃತಕ ರಾಸಾಯನಿಕ, ಚಿಟ್ಟೆಯದಲ್ಲ. ಆ ಖಾಲಿ ಚೌಕ ಇದ್ದುದರಿಂದಲೇ ಇದನ್ನು ಧೈರ್ಯವಾಗಿ ಹೇಳಬಹುದಾಯಿತು.

ಯಂತ್ರ ನಡೆಸಿದ ಮೇಡಂ ಮತ್ತು ರಾತ್ರಿ ಪಾಳಿಯಲ್ಲಿ ಯುಪಿಎಸ್ ಕಾದ ಎಲೆಕ್ಟ್ರಿಷಿಯನ್ ಅಣ್ಣನಿಗೆ ಹೃತ್ಪೂರ್ವಕ ಧನ್ಯವಾದ. ಲೆಕ್ಕ ಸರಳ: 20 ಮಿಲಿಮೀಟರ್ ಉದ್ದ, 12 ಮಿಲಿಮೀಟರ್ ಅಗಲದ ಜಾಗಕ್ಕೆ 50 ಮೈಕ್ರಾನ್ ಹೆಜ್ಜೆ ಇಟ್ಟರೆ 96,000 ಚುಕ್ಕೆ. ಸೆಕೆಂಡಿಗೆ 10 ಚುಕ್ಕೆಯಂತೆ 2 ಗಂಟೆ 40 ನಿಮಿಷ. ಹೆಜ್ಜೆಯನ್ನು 20 ಮೈಕ್ರಾನಿಗೆ ಇಳಿಸಿದರೆ 6 ಲಕ್ಷ ಚುಕ್ಕೆ, 16 ಗಂಟೆ 40 ನಿಮಿಷ. ನಡುವೆ ಕರೆಂಟು ಹೋದರೆ ನಿರ್ವಾತ ಮತ್ತೆ ಏರಿಸಿ, ಯಂತ್ರದ ತೂಕದ ಅಳತೆಯನ್ನು ಹೊಂದಿಸಿಯೇ ಮುಂದುವರಿಯಬೇಕು. ಮೇಡಂ ಗಾಜಿನ ನಾಲ್ಕೂ ಮೂಲೆಗೆ ಕೆಂಪು ರಂಜಕದ ಚುಕ್ಕೆ ಇಟ್ಟಿದ್ದರು. ಅದರ ಗೊಂಚಲು ಅಯಾನುಗಳು ರಂಜಕದ ಒಂದು ಪರಮಾಣುವಿನಷ್ಟು, ಅಂದರೆ ಸುಮಾರು 31ರ ಅಂತರದಲ್ಲಿ ಬರುವುದರಿಂದ ಅಳತೆ ಹೊಂದಿಸಲು ಬಲು ಅನುಕೂಲ.

ಈ ರೆಕ್ಕೆಗೆ ಮ್ಯಾಟ್ರಿಕ್ಸ್ (ಲೇಸರ್ ಹೀರಿ ಅಣುಗಳು ಅಯಾನುಗಳಾಗಲು ನೆರವಾಗುವ ಲೇಪ) ಹಾಕದೆಯೇ ಕೆಲಸ ನಡೆಯುತ್ತದೆ, ಏಕೆಂದರೆ ಇದರ ಬಣ್ಣದ ಅಣುಗಳಾದ ಟೆರಿನ್‌ಗಳು 355 ನ್ಯಾನೋಮೀಟರ್ ಲೇಸರನ್ನು ತಾವೇ ಹೀರುತ್ತವೆ. ಋಣ ಆವೇಶದ ಅಯಾನುಗಳನ್ನು ಅಳೆಯುವ ವಿಧಾನದಲ್ಲಿ ಹಳದಿಯ ಕ್ಸಾಂಥೋಟೆರಿನಿನ ಶಿಖರ ತೂಕ 178.037ಕ್ಕೂ, ಬಿಳಿಯ ಲ್ಯೂಕೋಟೆರಿನಿನದು 194.032ಕ್ಕೂ ಬರುತ್ತದೆ. ಮೇಲ್ಮೈಯ ಮೇಣಕ್ಕೆ ಮಾತ್ರ ಬೇರೆ ರೆಕ್ಕೆ, ಅದರ ಮೇಲೆ ತೆಳುವಾದ ಬೆಳ್ಳಿ ಲೇಪ. ಬೆಳ್ಳಿಯಲ್ಲಿ 107, 109 ತೂಕದ ಎರಡು ಬಗೆಯ ಪರಮಾಣುಗಳು (ಐಸೋಟೋಪುಗಳು) ಹೆಚ್ಚುಕಡಿಮೆ ಸಮವಾಗಿರುವುದರಿಂದ, ಅದು ಹಿಡಿದ ಅಣುವಿನ ಶಿಖರ ಎರಡರ ಅಂತರದಲ್ಲಿ ಜೋಡಿಯಾಗಿ ಕಾಣುತ್ತದೆ. ಜೋಡಿಯಿಲ್ಲದ ಶಿಖರವನ್ನು ನಂಬಬಾರದು. ಬೆಳ್ಳಿಯು ಇಂಗಾಲಗಳ ನಡುವೆ ಜೋಡಿಬಂಧ ಇರುವ ಹೈಡ್ರೋಕಾರ್ಬನ್ನುಗಳನ್ನೇ ಚೆನ್ನಾಗಿ ಹಿಡಿಯುತ್ತದೆ. ಜೋಡಿಬಂಧವಿಲ್ಲದ ಆಲ್ಕೇನುಗಳು ಚಿತ್ರದಲ್ಲಿ ಕಾಣದಿದ್ದರೆ ಅವು ರೆಕ್ಕೆಯಲ್ಲಿಲ್ಲ ಎಂದು ಅರ್ಥವಲ್ಲ.

ಸಂಖ್ಯಾಶಾಸ್ತ್ರದ ಗೆಳೆಯರು ತಡೆಯದಿದ್ದರೆ ದೊಡ್ಡ ತಪ್ಪು ಅರ್ಥವೊಂದು ಎಲ್ಲರಿಗೂ ಇಷ್ಟವಾಗಿಬಿಡುತ್ತಿತ್ತು. ಈ ಚಿಟ್ಟೆಯ ರೆಕ್ಕೆಗೆ ಅಗಲವಾದ ಕಪ್ಪು ಅಂಚು ಇದೆ. ಅಲ್ಲಿರುವ ಮೆಲನಿನ್ ಎಂಬ ಕಪ್ಪು ಬಣ್ಣದ ವಸ್ತು ಲೇಸರನ್ನು ಜೋರಾಗಿ ಹೀರಿ ಬಿಸಿಯಾಗುತ್ತದೆ, ಅಯಾನುಗಳು ಏಳುವ ರೀತಿಯೇ ಬೇರೆಯಾಗುತ್ತದೆ. ಹಾಗಾಗಿ ಅಂಚು ಪ್ರಕಾಶಮಾನವಾಗಿ ಕಂಡ ಮಾತ್ರಕ್ಕೆ ಅಲ್ಲಿ ಅಣು ಹೆಚ್ಚಿದೆ ಎನ್ನಲಾಗದು. ಪ್ರತಿ ಚುಕ್ಕೆಯ ಸಂಕೇತವನ್ನು ಅಲ್ಲಿನ ಒಟ್ಟು ಅಯಾನುಗಳಿಂದ ಭಾಗಿಸಿ ಸರಿದೂಗಿಸಿದರೂ ಅಂಚಿನಲ್ಲಿ ಹೊಸ ಸುಳ್ಳು ಹುಟ್ಟಬಹುದು. ರೆಕ್ಕೆಯಲ್ಲಿ ಸಹಜವಾಗಿ ಇರದ ಒಂದು ಅಣುವನ್ನು ಕಪ್ಪು, ಹಳದಿ ಎರಡೂ ಭಾಗಕ್ಕೆ ಒಂದೇ ಸಮ ಸಿಂಪಡಿಸಿ, ಅದರ ಸಂಕೇತ ಎಲ್ಲೆಲ್ಲಿ ಏರುಪೇರಾಗುತ್ತದೆ ಎಂದು ಮೊದಲು ನೋಡಿ ಎಂದವರು ನೀವು. ಆ ಒಂದು ಸಲಹೆಗೆ ನಾವೆಲ್ಲ ಋಣಿ.

ಕೊನೆಯದಾಗಿ ಕ್ರೊಮ್ಯಾಟೋಗ್ರಫಿ (ಬೆರೆತ ಅಣುಗಳನ್ನು ಹರಿಸಿ ಬೇರ್ಪಡಿಸುವ ವಿಧಾನ) ಮಾಡಿಕೊಟ್ಟವರಿಗೆ. ಕ್ಸಾಂಥೋಟೆರಿನ್, ಐಸೋಕ್ಸಾಂಥೋಟೆರಿನ್ ಎರಡಕ್ಕೂ ಒಂದೇ ಸೂತ್ರ, ಒಂದೇ ತೂಕ. ನಕ್ಷೆಯೊಂದರಿಂದಲೇ ಅವನ್ನು ಬೇರ್ಪಡಿಸಲು ಸಾಧ್ಯವಿಲ್ಲ. ಜೊತೆಯ ರೆಕ್ಕೆಗಳನ್ನು ತೆಳು ಅಮೋನಿಯಾ ದ್ರಾವಣದಲ್ಲಿ, ಬೆಳಕು ತಾಗದಂತೆ ಫಾಯಿಲ್ ಸುತ್ತಿದ ಕೊಳವೆಯಲ್ಲಿ ನೆನೆಸಿ, ಶುದ್ಧ ಮಾದರಿಗಳ ಪಕ್ಕದಲ್ಲಿ ಹರಿಸಿ ನೋಡಿದವರು ನೀವು. ನಿಮ್ಮ ಫಲಿತಾಂಶದ ಪುಟ, ಖಾಲಿ ಟೇಪಿನ ಸ್ಕ್ಯಾನ್, ಸಿಂಪಡಿಸಿದ ಪರೀಕ್ಷೆಯ ಚಿತ್ರ, ಇವೆಲ್ಲವೂ ನಕ್ಷೆಯ ದತ್ತಾಂಶವಿರುವ ಇಮ್ಝ್‌ಎಂಎಲ್ ಕಡತಗಳ ಜೊತೆಗೇ ಹೋಗುತ್ತವೆ. ಕೇಳಿದವರಿಗೆ ನಕ್ಷೆಯನ್ನಷ್ಟೇ ಬಿಡಿಯಾಗಿ ಕೊಡುವುದಿಲ್ಲ.